ಮೀಟಿಂಗ್ ರೂಮ್ ಬುಕಿಂಗ್: ಬಾಗಿಲಲ್ಲಿ ಜಗಳ ಆಗದಂಗೆ ಆಫೀಸ್ ಕ್ಯಾಲೆಂಡರ್ ಸಂಭಾಳಿಸೋದು ಹೆಂಗೆ

ಪುಣೆಯಲ್ಲಿ ಅಡ್ಮಿನ್, ಎಚ್‌ಆರ್, ಐಟಿ ಸಪೋರ್ಟ್ ಅಂತ ಕೆಲಸ ಮಾಡೋ ನಮ್ಮ ಕಡೆಯ ಹುಡುಗ್ರು ಹುಡುಗೀರು ಪದೇ ಪದೇ ಕೇಳೋದು ಇದನ್ನೇ: "ಕ್ಯಾಲೆಂಡರ್‌ನಲ್ಲಿ ಹಾಕಿದ್ವಿ ಅಣ್ಣಾ, ಹೋಗಿ ನೋಡಿದ್ರೆ ರೂಮ್‌ನಲ್ಲಿ ಬೇರೆಯವರು ಕೂತಿದ್ರು." ಬಿಡಿಸಿ ನೋಡಿದ್ರೆ ಪ್ರತಿ ಸಲ ಅದೇ ನಾಲ್ಕೈದು ತಪ್ಪು. ಸಾಫ್ಟ್‌ವೇರ್ ಸರಿಯಾಗೇ ಇರ್ತದೆ, ಸೆಟಪ್ ಮಾಡಿದ ಕ್ರಮ ಹಿಂದುಮುಂದು ಆಗಿರ್ತದೆ, ಇಲ್ಲಾ ಬುಕ್ ಮಾಡಿದವರು ಕೊನೇ ಹೆಜ್ಜೆ ಬಿಟ್ಟಿರ್ತಾರೆ.

ಮೊದಲೇ ಒಂದು ಮಾತು. ಕ್ಯಾಲೆಂಡರ್ ಲೆಕ್ಕದಲ್ಲಿ ರೂಮ್ ಕೂಡ ಮೀಟಿಂಗ್‌ಗೆ ಬರೋ ಒಬ್ಬ ಮನುಷ್ಯ. ಅವನನ್ನ ಕರೀಬೇಕು, ಅವನು "ಬರ್ತೀನಿ" ಅನ್ಬೇಕು, ಅನ್ನೋ ತನಕ ರೂಮ್ ನಿಮ್ಮದಲ್ಲ. ಕೆಳಗಿನ ಎಲ್ಲ ಹಂತ ಇದೇ ಮಾತಿನ ಮೇಲೆ ನಿಂತಿದೆ.

## ಶುರು ಮಾಡೋಕೆ ಮುಂಚೆ ಏನೇನು ಬೇಕು

ಗೂಗಲ್ ವರ್ಕ್‌ಸ್ಪೇಸ್ ಇದ್ರೆ ಅಡ್ಮಿನ್ ಕನ್ಸೋಲ್‌ಗೆ, ಔಟ್‌ಲುಕ್ ಇದ್ರೆ ಮೈಕ್ರೋಸಾಫ್ಟ್ 365 ಅಡ್ಮಿನ್ ಸೆಂಟರ್‌ಗೆ ಪರ್ಮಿಷನ್ ಬೇಕು. ನಿಮ್ಮ ಹತ್ರ ಇಲ್ಲಾಂದ್ರೆ ಐಟಿಯವರನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಮಾಡ್ರಿ, ಟಿಕೆಟ್ ಹಾಕಿ ಕಾಯ್ತಾ ಕೂತ್ರೆ ಅರ್ಧ ಸೆಟ್ಟಿಂಗ್ ಅವರ ತಲೆಯಲ್ಲಿ, ಅರ್ಧ ನಿಮ್ಮ ತಲೆಯಲ್ಲಿ ಉಳೀತದೆ.

ಅದರ ಜೊತೆ ಅಡ್ಮಿನ್ ಹಕ್ಕು ಇಲ್ಲದ ಒಂದು ಸಾದಾ ಅಕೌಂಟ್ ಇಟ್ಕೊಳ್ರಿ, ಟೆಸ್ಟ್ ಮಾಡೋಕೆ. ಅಡ್ಮಿನ್ ಅಕೌಂಟ್‌ನಿಂದ ನೋಡಿದ್ರೆ ಎಲ್ಲಾ ಚೆಂದ ಕಾಣ್ತದೆ, ತೊಂದರೆ ಕಾಣೋದು ಸಾದಾ ಜನರಿಗೆ. ಒಂದು ನೋಟ್‌ಬುಕ್ಕು, ಒಂದು ಪೆನ್ನು. ಅಷ್ಟು ಸಾಕು.

## ಹಂತ 1: ನಡೆದು ಹೋಗಿ ರೂಮ್ ಎಣಿಸ್ರಿ, ಆಮೇಲೆ ಹೆಸರು

ಹಳೇ ಎಕ್ಸೆಲ್ ಪಟ್ಟಿ ನಂಬಬೇಡ್ರಿ. ಖುದ್ದು ಹೋಗಿ ಕುರ್ಚಿ ಎಣಿಸ್ರಿ, ಟೀವಿ ಇದೆಯಾ, ಕೇಬಲ್ ಇದೆಯಾ, ವೈಟ್‌ಬೋರ್ಡ್ ಇದೆಯಾ, ವಿಡಿಯೋ ಕಾಲ್‌ಗೆ ಕ್ಯಾಮೆರಾ ಇದೆಯಾ ಬರ್ಕೊಳ್ರಿ. ಪಟ್ಟಿಯಲ್ಲಿ 10 ಸೀಟು ಅಂತಿದ್ದ ರೂಮ್‌ನಲ್ಲಿ ಆರೇ ಕುರ್ಚಿ ಇರ್ತಾವೆ, ಮಿಕ್ಕ ನಾಲ್ಕು ಯಾರದೋ ಡೆಸ್ಕ್‌ಗೆ ಹೋಗಿರ್ತಾವೆ.

ಇನ್ನು ಹೆಸರು. ಪುಣೆ ಆಫೀಸ್‌ಗಳಲ್ಲಿ ರೂಮ್‌ಗೆ ಕೋಟೆ ಹೆಸರು ಇಡೋ ಹುಚ್ಚು ನಿಮಗೂ ಗೊತ್ತಿರ್ತದೆ. ಸಿಂಹಗಡ, ತೋರಣಾ, ಪುರಂದರ, ಚೆನ್ನಾಗೇ ಇದೆ. ನಾನು ಹಿಂದೆ ಇದ್ದ ಒಂದು ಆಫೀಸ್‌ನಲ್ಲಿ ರಾಜಗಡ ಅಂತ ಒಂದು, ರಾಯಗಡ ಅಂತ ಇನ್ನೊಂದು ರೂಮ್ ಇತ್ತು, ಇಂಗ್ಲಿಷ್‌ನಲ್ಲಿ ಬರೆದ್ರೆ ಎರಡಕ್ಕೂ ಇರೋದು ಒಂದಕ್ಷರದ ವ್ಯತ್ಯಾಸ, ಮೊಬೈಲ್‌ನಲ್ಲಿ ಅವಸರಕ್ಕೆ ಸರ್ಚ್ ಮಾಡಿದವರು ಮೇಲೆ ಬಂದಿದ್ದನ್ನ ಒತ್ತಿಬಿಡೋರು. ಒಂದ್ಸಲ ಕ್ಲೈಂಟ್‌ನವರು ರಾಯಗಡದಲ್ಲಿ ಚಹಾ ಕುಡೀತಾ ಅರ್ಧ ಗಂಟೆ ಕೂತಿದ್ರು, ನಮ್ಮ ಟೀಮ್ ಕೆಳಗಿನ ಫ್ಲೋರ್‌ನ ರಾಜಗಡದಲ್ಲಿ ಅವರ ದಾರಿ ಕಾಯ್ತಿತ್ತು. ಬೈಸ್ಕೊಂಡಿದ್ದು ರಿಸೆಪ್ಷನ್ ಮ್ಯಾಡಮ್ಮು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ಹಂಗಾಗಿ ಇಂಗ್ಲಿಷ್‌ನಲ್ಲಿ ಬರೆದಾಗ ಮೊದಲ ಎರಡಕ್ಷರ ಒಂದೇ ಇರೋ ಹೆಸರು ಬೇಡ. ಕ್ಯಾಲೆಂಡರ್‌ನಲ್ಲಿ ಹೆಸರಿನ ಜೊತೆ ಫ್ಲೋರು, ಸೀಟು ಎರಡೂ ಬರಲಿ: "ಪುಣೆ-3-ತೋರಣಾ-8" ಅನ್ನೋ ತರ. ಗೂಗಲ್‌ನಲ್ಲಿ ಬಿಲ್ಡಿಂಗ್, ಫ್ಲೋರ್, ಕೆಪ್ಯಾಸಿಟಿ ತುಂಬಿದ್ರೆ ಈ ತರದ ಹೆಸರು ಅದೇ ಜೋಡಿಸಿ ತೋರಿಸ್ತದೆ, ಔಟ್‌ಲುಕ್‌ನಲ್ಲಿ ನೀವೇ ಬರೀಬೇಕು. ಬಾಗಿಲ ಮೇಲಿನ ಬೋರ್ಡ್‌ನಲ್ಲೂ ಅದೇ ಹೆಸರು, ಅದೇ ಸ್ಪೆಲಿಂಗ್ ಇರಬೇಕು.

## ಹಂತ 2: ರೂಮ್‌ಗೆ ಸ್ವಂತ ಕ್ಯಾಲೆಂಡರ್ ಮಾಡ್ರಿ

ಗೂಗಲ್‌ನಲ್ಲಿ: ಅಡ್ಮಿನ್ ಕನ್ಸೋಲ್, ಅಲ್ಲಿ ಡೈರೆಕ್ಟರಿ, ಅದರೊಳಗೆ ಬಿಲ್ಡಿಂಗ್ಸ್ ಆ್ಯಂಡ್ ರಿಸೋರ್ಸಸ್. ಮೊದಲು ಬಿಲ್ಡಿಂಗ್ ಮಾಡ್ರಿ, ಅದಕ್ಕೆ ಫ್ಲೋರ್ ಹಾಕ್ರಿ, ಕೊನೆಗೆ ರೂಮ್. ರೂಮ್ ಜಾಸ್ತಿ ಇದ್ರೆ ಸಿಎಸ್‌ವಿ ಫೈಲ್‌ನಲ್ಲಿ (ಎಕ್ಸೆಲ್‌ನಲ್ಲಿ ತೆರೆಯೋ ಸಾದಾ ಪಟ್ಟಿ) ಒಟ್ಟಿಗೆ ಏರಿಸಬಹುದು.

ಔಟ್‌ಲುಕ್‌ನಲ್ಲಿ: ಅಡ್ಮಿನ್ ಸೆಂಟರ್, ರಿಸೋರ್ಸಸ್, ರೂಮ್ಸ್ ಆ್ಯಂಡ್ ಎಕ್ವಿಪ್‌ಮೆಂಟ್. ಇಲ್ಲಿ ಮಾಡಿದ ರೂಮ್‌ಗೆ ಒಂದು ಮೇಲ್‌ಬಾಕ್ಸ್ ಹುಟ್ತದೆ, ಸಾದಾ ರೂಮ್ ಮೇಲ್‌ಬಾಕ್ಸ್‌ಗೆ ಬೇರೆ ಲೈಸೆನ್ಸ್ ಕೊಳ್ಳೋದು ಬೇಕಿಲ್ಲ. ಇಲ್ಲಿಗೇ ಕೆಲಸ ಮುಗೀತು ಅಂತ ಎದ್ದು ಹೋಗೋರೇ ಜಾಸ್ತಿ. ಆ ರೂಮ್‌ಗಳನ್ನ ಒಂದು ರೂಮ್ ಲಿಸ್ಟ್‌ಗೆ ಸೇರಿಸದೇ ಇದ್ರೆ ಜನ ರೂಮ್ ಫೈಂಡರ್ (ಔಟ್‌ಲುಕ್‌ನಲ್ಲಿ ಖಾಲಿ ರೂಮ್ ಹುಡುಕೋ ಜಾಗ) ತೆಗೆದಾಗ ನಿಮ್ಮ ಬಿಲ್ಡಿಂಗೇ ಕಾಣಲ್ಲ. ರೂಮ್ ಲಿಸ್ಟ್ ಅಂದ್ರೆ ಒಂದು ವಿಶೇಷ ಡಿಸ್ಟ್ರಿಬ್ಯೂಷನ್ ಗ್ರೂಪ್, ಅಂದ್ರೆ ಹಲವು ಮೇಲ್ ವಿಳಾಸ ಒಂದೇ ಹೆಸರಲ್ಲಿ ಇಡೋ ಪಟ್ಟಿ, ಪವರ್‌ಶೆಲ್‌ನಲ್ಲಿ (ಕಮಾಂಡ್ ಟೈಪ್ ಮಾಡಿ ಸೆಟ್ಟಿಂಗ್ ಬದಲಿಸೋ ಟೂಲ್) ಮಾಡ್ಬೇಕು, ಐಟಿಯವರಿಗೆ "ರೂಮ್ ಲಿಸ್ಟ್ ಮಾಡಿಕೊಡ್ರಿ, ಪ್ಲೇಸ್ ಡೀಟೇಲ್ಸ್‌ನಲ್ಲಿ ಊರು, ಬಿಲ್ಡಿಂಗ್, ಫ್ಲೋರ್, ಕೆಪ್ಯಾಸಿಟಿ ತುಂಬ್ರಿ" ಅಂದ್ರೆ ಅರ್ಥ ಆಗ್ತದೆ.

ಎರಡರಲ್ಲೂ ಮಾಡಿದ ಬದಲಾವಣೆ ಎಲ್ಲರಿಗೂ ಕಾಣೋಕೆ 24 ಗಂಟೆ ತನಕ ಹಿಡೀಬಹುದು. ಇದು ಗೊತ್ತಿಲ್ಲದೇ ಹತ್ತು ನಿಮಿಷಕ್ಕೆ "ಕಾಣ್ತಾ ಇಲ್ಲ" ಅಂತ ಡಿಲೀಟ್ ಮಾಡಿ ಇನ್ನೊಮ್ಮೆ ಮಾಡಿ, ಮರುದಿನ ಬೆಳಗ್ಗೆ ಒಂದೇ ರೂಮ್‌ಗೆ ಎರಡು ಹೆಸರು ಇಟ್ಕೊಂಡು ತಲೆ ಕೆರ್ಕೊಂಡವರನ್ನ ಕಣ್ಣಾರೆ ನೋಡಿದ್ದೀನಿ. ಶುಕ್ರವಾರ ಸಂಜೆ ಮಾಡ್ರಿ, ಸೋಮವಾರ ಟೆಸ್ಟ್ ಮಾಡ್ರಿ.

## ಹಂತ 3: ಯಾರಿಗೆ ಎಷ್ಟು ಹಕ್ಕು

ಡಬಲ್ ಬುಕಿಂಗ್‌ನ ಬೇರು ಬಹಳ ಸಲ ಇಲ್ಲೇ ಇರ್ತದೆ.

ಬುಕ್ ಮಾಡೋ ದಾರಿ ಎರಡು. ಒಂದು, ರೂಮ್‌ಗೆ ಇನ್ವೈಟ್ ಕಳಿಸೋದು. ಆಗ ರೂಮ್ ತನ್ನ ಕ್ಯಾಲೆಂಡರ್ ನೋಡಿ ಖಾಲಿ ಇದ್ರೆ ಹ್ಞೂಂ, ಇಲ್ಲಾಂದ್ರೆ ಉಹ್ಞೂಂ ಅಂತದೆ. ಇನ್ನೊಂದು, ರೂಮ್‌ನ ಕ್ಯಾಲೆಂಡರನ್ನೇ ತೆರೆದು ಅದರ ಮೇಲೆ ನೇರ ಬರೆಯೋದು. ಈ ಎರಡನೇ ದಾರಿಯಲ್ಲಿ ಖಾಲಿ ಇದೆಯಾ ಇಲ್ವಾ ಅಂತ ತಡೆಯೋರು ಯಾರೂ ಇಲ್ಲ, ಒಂದರ ಮೇಲೊಂದು ಕೂತ್ಕೋತದೆ.

ಹಂಗಾಗಿ ಗೂಗಲ್‌ನಲ್ಲಿ ಎಲ್ಲರಿಗೂ ನೋಡೋ ಹಕ್ಕು ಮಾತ್ರ ಕೊಡ್ರಿ, ಬದಲಾಯಿಸೋ ಹಕ್ಕು ಇಬ್ಬರಿಗೆ ಸಾಕು. ಔಟ್‌ಲುಕ್‌ನಲ್ಲೂ ರೂಮ್ ಕ್ಯಾಲೆಂಡರ್ ಮೇಲೆ ಎಡಿಟರ್ ಹಕ್ಕು ಯಾರ್ಯಾರಿಗೆ ಇದೆ ಅಂತ ಪಟ್ಟಿ ತೆಗೆಸ್ರಿ. "ಡೈರೆಕ್ಟರ್ ಸಾಹೇಬ್ರ ಸೆಕ್ರೆಟರಿಗೆ ಬೇಕೇ ಬೇಕು" ಅಂತಾರೆ. ಕೊಡಬೇಡ್ರಿ, ಅವರಿಗೆ ಬೇಕಾದ ರೂಮ್‌ಗೆ ಅಪ್ರೂವಲ್ ಅಧಿಕಾರ ಕೊಟ್ರೆ ಅವರ ಕೆಲಸ ಆಗ್ತದೆ.

ಔಟ್‌ಲುಕ್‌ನವರಿಗೆ ಇನ್ನೊಂದು ಗೊಂದಲ: ರೂಮ್ ತೆಗೆದು ನೋಡಿದ್ರೆ ಮೀಟಿಂಗ್ ವಿಷಯ ಇರಲ್ಲ, ಕರೆದವರ ಹೆಸರು ಇರ್ತದೆ. ಅದು ತಪ್ಪಲ್ಲ. ರೂಮ್ ಮೇಲ್‌ಬಾಕ್ಸ್ ತಾನಾಗೇ ವಿಷಯ ಅಳಿಸಿ ಆರ್ಗನೈಸರ್ ಹೆಸರು ಹಾಕ್ತದೆ. ಹಂಗೇ ಬಿಡ್ರಿ, ಅಪ್ರೈಸಲ್ ಮೀಟಿಂಗ್ ಯಾರದು ಅಂತ ಇಡೀ ಫ್ಲೋರ್‌ಗೆ ಯಾಕೆ ಗೊತ್ತಾಗ್ಬೇಕು? ಆದ್ರೆ ಸಾದಾ ಜನರಿಗೆ ಆ ಹೆಸರೂ ಕಾಣದೇ ಬರೀ "ಬ್ಯುಸಿ" ಅಂತ ಕಾಣ್ತಿದ್ರೆ ರೂಮ್ ಕ್ಯಾಲೆಂಡರ್‌ನ ಡೀಫಾಲ್ಟ್ ಹಕ್ಕನ್ನ ಲಿಮಿಟೆಡ್ ಡೀಟೇಲ್ಸ್‌ಗೆ ಏರಿಸೋಕೆ ಹೇಳ್ರಿ. ಯಾರ ಹತ್ರ ಹೋಗಿ "ಅರ್ಧ ಗಂಟೆ ಬಿಟ್ಟುಕೊಡ್ರಿ" ಅಂತ ಕೇಳ್ಬೇಕು ಅನ್ನೋದಾದ್ರೂ ಗೊತ್ತಾಗ್ತದೆ.

## ಹಂತ 4: ರೂಮ್‌ನ ನಿಯಮ

ಔಟ್‌ಲುಕ್ ರೂಮ್‌ಗೆ ಹುಟ್ಟಿನಿಂದಲೇ ಕೆಲವು ಮಿತಿ ಇರ್ತಾವೆ, ಯಾರೂ ಹೇಳಲ್ಲ, ರೂಮ್ ಸುಮ್ಮನೆ ಡಿಕ್ಲೈನ್ ಮಾಡ್ತದೆ, ನೀವು ಬೈತೀರಿ.

ಮುಂಗಡ ಬುಕಿಂಗ್ 180 ದಿನ ಮಾತ್ರ. ಜನವರಿ 1ಕ್ಕೆ ಕೂತ್ರೆ ಜೂನ್ 30ರ ತನಕ. ಒಂದು ಮೀಟಿಂಗ್ ಹೆಚ್ಚೆಂದ್ರೆ 1440 ನಿಮಿಷ, ಅಂದ್ರೆ 24 ಗಂಟೆ. ಎರಡನ್ನೂ ಬದಲಾಯಿಸಬಹುದು. 180ನ್ನ ನಾನು ಮುಟ್ಟಲ್ಲ. ನಿಮಿಷದ ಮಿತಿಯನ್ನ ಸಣ್ಣ ರೂಮ್‌ಗಳಿಗೆ 120ಕ್ಕೆ ಇಳಿಸ್ತೀನಿ, ನಾಲ್ಕು ಸೀಟಿನ ರೂಮನ್ನ ದಿನಪೂರ್ತಿ ಕ್ಯಾಬಿನ್ ಮಾಡ್ಕೊಳ್ಳೋ ಜನ ಪ್ರತಿ ಆಫೀಸ್‌ನಲ್ಲೂ ಇದ್ದಾರೆ.

ಈ 1440 ನಮಗೆ ಗೊತ್ತಾಗಿದ್ದು ಗಣಪತಿ ಹಬ್ಬದಲ್ಲಿ. ದೊಡ್ಡ ರೂಮ್‌ನಲ್ಲಿ ಗಣಪತಿ ಕೂರಿಸ್ತೀವಿ ಅಂತ ಕಮಿಟಿಯವರು ಹತ್ತು ದಿನದ್ದು ಒಂದೇ ಉದ್ದನೇ ಬುಕಿಂಗ್ ಹಾಕಿದ್ರು, ರೂಮ್ ಡಿಕ್ಲೈನ್ ಮಾಡ್ತು, ಆ ಮೇಲ್ ಯಾರೂ ಓದಲಿಲ್ಲ, ಮೂರನೇ ದಿನ ಆರತಿ ಹೊತ್ತಿಗೆ ಸೇಲ್ಸ್‌ನವರು ಲ್ಯಾಪ್‌ಟಾಪ್ ಹಿಡ್ಕೊಂಡು ಬಂದು "ಹೀ ರೂಮ್ ಆಮ್ಚೀ ಆಹೇ" (ಈ ರೂಮ್ ನಮ್ಮದು) ಅಂತ ನಿಂತ್ರು. ಅವರದ್ದೇ ಸರಿ ಇತ್ತು. ಇಂಥದ್ದಕ್ಕೆ ದಿನಕ್ಕೊಂದರಂತೆ ಹತ್ತು ದಿನದ ರಿಕರಿಂಗ್ (ತಾನಾಗೇ ಮತ್ತೆ ಮತ್ತೆ ಬರೋ ಬುಕಿಂಗ್) ಹಾಕ್ರಿ, ಮಿತಿ ಒಂದೊಂದು ದಿನಕ್ಕೆ ಲೆಕ್ಕ ಆಗ್ತದೆ. ಔಟ್‌ಲುಕ್‌ನಲ್ಲಿ ಆಲ್ ಡೇ ಅಂತ ಟಿಕ್ ಮಾಡಿದ್ರೆ ಅದು ತಾನಾಗೇ "ಫ್ರೀ" ಅಂತ ಕೂತ್ಕೋತದೆ, ಅದನ್ನ "ಬ್ಯುಸಿ" ಮಾಡೋದು ಮರೀಬೇಡ್ರಿ, ಇಲ್ಲಾಂದ್ರೆ ರೂಮ್ ಖಾಲಿ ಅಂತಲೇ ಕಾಣ್ತದೆ.

ಅಪ್ರೂವಲ್ ಬೇಕಾದ ರೂಮ್ ಒಂದೋ ಎರಡೋ ಇರಲಿ, ಬೋರ್ಡ್‌ರೂಮ್ ತರದ್ದು. ಅದಕ್ಕೆ ಇಬ್ಬರು ಅಪ್ರೂವರ್ ಇಡ್ರಿ. ಒಬ್ಬರೇ ಇದ್ದು ಅವರು ರಜೆ ಹಾಕಿ ಊರಿಗೆ ಹೋದ್ರೆ ಎಲ್ಲ ಬುಕಿಂಗೂ ಟೆಂಟೇಟಿವ್‌ನಲ್ಲಿ ನೇತಾಡ್ತಾವೆ.

ಒಂದು ಮೀಟಿಂಗ್‌ಗೂ ಇನ್ನೊಂದಕ್ಕೂ ನಡುವೆ ಉಸಿರಾಡೋಕೆ ಜಾಗ ಬೇಕಲ್ಲ, ಅದಕ್ಕೆ ಗೂಗಲ್‌ನಲ್ಲಿ ಸ್ಪೀಡಿ ಮೀಟಿಂಗ್ಸ್ ಆನ್ ಮಾಡಿಸ್ರಿ, 30 ನಿಮಿಷದ್ದು 25 ಆಗ್ತದೆ, 60ರದ್ದು 50. ಔಟ್‌ಲುಕ್‌ನಲ್ಲೂ ಕ್ಯಾಲೆಂಡರ್ ಆಪ್ಷನ್ಸ್‌ನಲ್ಲಿ ಬೇಗ ಮುಗಿಸೋ ಸೆಟ್ಟಿಂಗ್ ಇದೆ.

## ಹಂತ 5: ಬುಕ್ ಮಾಡೋ ಸರಿಯಾದ ರೀತಿ

ಮೇಲಿನದೆಲ್ಲಾ ಅಡ್ಮಿನ್ ಕೆಲಸ. ಇದು ಎಲ್ಲರದ್ದು, ಅತೀ ಹೆಚ್ಚು ಜನ ಬೀಳೋ ಗುಂಡಿನೂ ಇದೇ. ಈ ಹಂತ ಪ್ರಿಂಟ್ ತೆಗೆದು ಪ್ಯಾಂಟ್ರಿಯಲ್ಲಿ ಅಂಟಿಸಿದ್ರೂ ತಪ್ಪಿಲ್ಲ.

1. ಹೊಸ ಮೀಟಿಂಗ್ ತೆಗೀರಿ, ಮೊದಲು ಟೈಮ್ ಹಾಕ್ರಿ. ರೂಮ್ ಮೊದಲು ಆರಿಸಿ ಆಮೇಲೆ ಟೈಮ್ ಬದಲಿಸಿದ್ರೆ ನೀವು ನೋಡಿದ "ಖಾಲಿ" ಹಳೇ ಟೈಮ್‌ದು.

2. ಜನರನ್ನ ಸೇರಿಸ್ರಿ. ಎಷ್ಟು ಜನ ಅಂತ ಗೊತ್ತಾದ ಮೇಲೇ ರೂಮ್. ಮೂರು ಜನಕ್ಕೆ 14 ಸೀಟಿನ ರೂಮ್ ಹಿಡಿಯೋರು ಇಲ್ಲಿ ಸಿಕ್ಕಿಬೀಳ್ತಾರೆ.

3. ಗೂಗಲ್‌ನಲ್ಲಿ ರೂಮ್ಸ್ ಅನ್ನೋ ಟ್ಯಾಬ್‌ನಿಂದ, ಔಟ್‌ಲುಕ್‌ನಲ್ಲಿ ರೂಮ್ ಫೈಂಡರ್ ಇಲ್ಲಾ ಸ್ಕೆಡ್ಯೂಲಿಂಗ್ ಅಸಿಸ್ಟೆಂಟ್‌ನಿಂದ ರೂಮ್ ಆರಿಸ್ರಿ. ಲೊಕೇಷನ್ ಜಾಗದಲ್ಲಿ ಕೈಯಿಂದ "ತೋರಣಾ" ಅಂತ ಟೈಪ್ ಮಾಡಿ ಬಿಟ್ರೆ ರೂಮ್‌ಗೆ ಸುದ್ದಿನೇ ಹೋಗಲ್ಲ. ಲಗ್ನಪತ್ರಿಕೆಯಲ್ಲಿ ಕಲ್ಯಾಣ ಮಂಟಪದ ಹೆಸರು ಛಾಪಿಸಿ ಮಂಟಪಕ್ಕೆ ಅಡ್ವಾನ್ಸ್ ಕೊಡದೇ ಇದ್ದಂಗೆ ಅದು. ಬೀಗರೆಲ್ಲ ಬಂದು ನಿಲ್ತಾರೆ, ಒಳಗೆ ಬೇರೆಯವರ ಮದುವೆ.

4. ಕಳಿಸ್ರಿ. ಕಳಿಸಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಬೇಡ್ರಿ.

5. ಒಂದೆರಡು ನಿಮಿಷ ಬಿಟ್ಟು ಅದೇ ಮೀಟಿಂಗ್ ಮತ್ತೆ ತೆಗೆದು ರೂಮ್ ಹೆಸರಿನ ಎದುರು ಏನಿದೆ ನೋಡ್ರಿ. ಆಕ್ಸೆಪ್ಟೆಡ್ ಅಂತಿದ್ರೆ ರೂಮ್ ನಿಮ್ಮದು. ಡಿಕ್ಲೈನ್ಡ್ ಇದ್ರೆ ಬೇರೆ ರೂಮ್. ಟೆಂಟೇಟಿವ್ ಇದ್ರೆ ಯಾರೋ ಅಪ್ರೂವ್ ಮಾಡ್ಬೇಕು, ಅವರಿಗೆ ಫೋನ್ ಹಾಕ್ರಿ. ಏನೂ ಉತ್ತರ ಇಲ್ಲಾಂದ್ರೆ ಸೆಟಪ್‌ನಲ್ಲೇ ಲೋಪ, ಹಂತ 8ರಲ್ಲಿ "ಎಲ್ಲವೂ ಟೆಂಟೇಟಿವ್" ಅನ್ನೋದನ್ನ ನೋಡ್ರಿ.

ಐದನೇದನ್ನ ಮಾಡೋಕೆ ಹತ್ತು ಸೆಕೆಂಡ್ ಸಾಕು. ರೂಮ್ ಕಳಿಸೋ ಡಿಕ್ಲೈನ್ ಮೇಲ್‌ಗಳನ್ನ ಇನ್‌ಬಾಕ್ಸ್ ರೂಲ್ ಹಾಕಿ ಯಾವುದೋ ಫೋಲ್ಡರ್‌ಗೆ ತಳ್ಳಿ, ಆಮೇಲೆ "ಮೇಲೇ ಬಂದಿಲ್ಲ" ಅನ್ನೋರೂ ಇದ್ದಾರೆ, ಅಂಥವರ ಜೊತೆ ವಾದ ಮಾಡಬೇಡ್ರಿ, ಅವರ ರೂಲ್ ತೆಗೆದು ತೋರಿಸ್ರಿ.

## ಹಂತ 6: ಪ್ರತಿ ವಾರ ಬರೋ ಮೀಟಿಂಗ್‌ಗಳು

ರಿಕರಿಂಗ್ ಮೀಟಿಂಗ್ ಅಂದ್ರೆ ರೂಮ್‌ಗಳ ಪಾಲಿಗೆ ಗೆದ್ದಲು. ಇದನ್ನ ಸರಿ ಮಾಡದೇ ಮಿಕ್ಕಿದ್ದೆಲ್ಲ ಮಾಡಿದ್ರೂ ಆರು ತಿಂಗಳಿಗೆ ಮತ್ತೆ ಅದೇ ಗೋಳು.

ಮೊದಲನೇದು, ಕೊನೇ ತಾರೀಖು ಇಲ್ಲದ ಸರಣಿ ಬೇಡ. ಔಟ್‌ಲುಕ್ ರೂಮ್‌ಗೆ ಆ 180 ದಿನದ ಗಡಿ ಇದೆಯಲ್ಲ, ಸರಣಿ ಅದನ್ನ ದಾಟಿದ್ರೆ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಪೂರ್ತಿ ಸರಣಿಯನ್ನೇ ವಾಪಸ್ ಕಳಿಸ್ತದೆ. ಮೂರು ತಿಂಗಳಿಗೆ ಮುಗಿಯೋ ಹಂಗೆ ಹಾಕ್ರಿ, ಬೇಕಿದ್ರೆ ಮತ್ತೆ ಹಾಕಿದ್ರಾಯ್ತು.

ಎರಡನೇದು, ಒಂದೇ ಒಂದು ವಾರ ಕ್ಲಾಶ್ ಆದ್ರೂ ಔಟ್‌ಲುಕ್ ರೂಮ್ ಎಲ್ಲಾ ವಾರಕ್ಕೂ ಇಲ್ಲ ಅಂತದೆ. ಯಾಕಂದ್ರೆ ಎಷ್ಟು ಕ್ಲಾಶ್ ಸಹಿಸ್ಬೇಕು ಅನ್ನೋ ಎರಡು ಸೆಟ್ಟಿಂಗ್, ಒಂದು ಶೇಕಡಾವಾರು ಇನ್ನೊಂದು ಎಷ್ಟು ಸಲ ಅಂತ, ಎರಡೂ ಸೊನ್ನೆಯಲ್ಲಿ ಇರ್ತಾವೆ. ಐಟಿಗೆ ಹೇಳಿ ಎರಡನ್ನೂ ಏರಿಸ್ರಿ, ಒಂದನ್ನ ಮಾತ್ರ ಏರಿಸಿದ್ರೆ ಇನ್ನೊಂದು ಸೊನ್ನೆ ತಡೀತದೆ. ನಾವು 25 ಪರ್ಸೆಂಟ್, 5 ಸಲ ಅಂತ ಇಟ್ಟಿದ್ದೀವಿ. ಆಗ ಖಾಲಿ ಇರೋ ವಾರ ಸಿಗ್ತದೆ, ಕ್ಲಾಶ್ ಆದ ತಾರೀಖಿಗೆ ಮಾತ್ರ ಡಿಕ್ಲೈನ್ ಬರ್ತದೆ. ಆ ತಾರೀಖುಗಳನ್ನ ಓದಿ ಅವಕ್ಕೆ ಬೇರೆ ರೂಮ್ ಹುಡುಕೋದು ನಿಮ್ಮ ಕೆಲಸ. ಗೂಗಲ್‌ನಲ್ಲೂ ಸರಣಿ ಹಾಕಿದ ಮೇಲೆ ಮೊದಲ ವಾರ ನೋಡಿ ಖುಷಿ ಪಡಬೇಡ್ರಿ, ಮುಂದಿನ ತಾರೀಖುಗಳನ್ನ ಒಂದೊಂದೇ ತೆರೆದು ರೂಮ್ ಇದೆಯಾ ನೋಡ್ರಿ.

ಮೂರನೇದು ಅಮೆರಿಕ ಗಡಿಯಾರ. ಪುಣೆ, ಮುಂಬೈ ಎರಡೂ ಕಡೆ ಇದು ವರ್ಷಕ್ಕೆ ಎರಡು ಸಲ ಬರೋ ಹಬ್ಬ. ನಮ್ಮಲ್ಲಿ ಗಡಿಯಾರ ಹಿಂದೆ ಮುಂದೆ ಮಾಡೋ ಪದ್ಧತಿ ಇಲ್ಲ, ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಒಂದು ಗಂಟೆ ಮುಂದೆ, ನವೆಂಬರ್‌ನ ಮೊದಲ ಭಾನುವಾರ ಒಂದು ಗಂಟೆ ಹಿಂದೆ. ನ್ಯೂಯಾರ್ಕ್‌ನವರು ಬೆಳಗ್ಗೆ 9:30ಕ್ಕೆ ಇಟ್ಟ ಮೀಟಿಂಗ್ ಬೇಸಿಗೆಯಲ್ಲಿ ನಮಗೆ ಸಂಜೆ 7ಕ್ಕೆ, ನವೆಂಬರ್ ಆದ ಮೇಲೆ ರಾತ್ರಿ 8ಕ್ಕೆ. ಮೀಟಿಂಗ್ ಕರೆದವರು ಅಲ್ಲಿಯವರಾದ್ರೆ ಅವರ ಗಡಿಯಾರವೇ ಲೆಕ್ಕ, ಹಂಗಾಗಿ ಇಲ್ಲಿಯ ರೂಮ್ ಬುಕಿಂಗೂ ತಾನಾಗೇ ಒಂದು ಗಂಟೆ ಸರೀತದೆ, 8 ಗಂಟೆಗೆ ಮೊದಲೇ ಹಿಡಿದಿದ್ದವರ ಜೊತೆ ಡಿಕ್ಕಿ. 2026ರಲ್ಲಿ ಆ ನವೆಂಬರ್ ಭಾನುವಾರ 1ನೇ ತಾರೀಖೇ, ನಮ್ಮ ರಾಜ್ಯೋತ್ಸವದ ದಿನ, ಹಂಗಾದ್ರೂ ನೆನಪಿಟ್ಕೊಳ್ರಿ. ಬ್ರಿಟನ್‌ನವರದ್ದು ಬೇರೆ ತಾರೀಖು, ಮಾರ್ಚ್‌ನ ಕೊನೇ ಭಾನುವಾರ ಮತ್ತು ಅಕ್ಟೋಬರ್‌ನ ಕೊನೇ ಭಾನುವಾರ, ಹಂಗಾಗಿ ಎರಡೂ ದೇಶದವರು ಇರೋ ಕಾಲ್‌ಗಳು ನಡುವಿನ ವಾರಗಳಲ್ಲಿ ಇನ್ನೂ ಗೋಜಲು.

ಪರಿಹಾರ ಇಷ್ಟೇ: ಹೊರದೇಶದ ಸರಣಿಗಳನ್ನ ಅಕ್ಟೋಬರ್ ಕೊನೆಗೆ ಮತ್ತು ಮಾರ್ಚ್ ಮೊದಲ ವಾರಕ್ಕೆ ಮುಗಿಯೋ ಹಂಗೆ ಹಾಕಿಸ್ರಿ. ಗಡಿಯಾರ ಬದಲಾದ ಮೇಲೆ ಹೊಸ ಸರಣಿ, ಹೊಸ ರೂಮ್.

## ಹಂತ 7: ಬದಲಾವಣೆ, ರದ್ದು, ಬಿಟ್ಟು ಹೋದವರು

ಟೈಮ್ ಬದಲಿಸಿದ್ರೆ ರೂಮ್ ಹೊಸದಾಗಿ ಉತ್ತರ ಕೊಡ್ತದೆ. ನಿನ್ನೆ ಆಕ್ಸೆಪ್ಟ್ ಮಾಡಿದ್ದು ಇವತ್ತು ಡಿಕ್ಲೈನ್ ಆಗಬಹುದು. ಜನರೆಲ್ಲ ಹೊಸ ಟೈಮ್‌ಗೆ ಬರ್ತಾರೆ, ರೂಮ್ ಮಾತ್ರ ಇರಲ್ಲ. ಹಂತ 5ರ ಕೊನೇ ಹೆಜ್ಜೆ ಮತ್ತೆ ಮಾಡ್ರಿ.

ಮೀಟಿಂಗ್ ಬೇಡ ಅಂದ್ರೆ ಕ್ಯಾನ್ಸಲ್ ಮಾಡಿ ಎಲ್ಲರಿಗೂ ಕಳಿಸ್ರಿ. ವಾಟ್ಸಾಪ್‌ನಲ್ಲಿ "ಇವತ್ತು ಬೇಡ" ಅಂದ್ರೆ ರೂಮ್‌ಗೆ ಹೆಂಗೆ ಗೊತ್ತಾಗ್ತದೆ? ಜುಲೈನಲ್ಲಿ ಜೋರು ಮಳೆ ಬಂದ ದಿನ ಅರ್ಧ ಆಫೀಸ್ ಮನೆಯಿಂದ ಕೆಲಸ ಮಾಡ್ತದೆ, ಕ್ಯಾಲೆಂಡರ್‌ನಲ್ಲಿ ಏಳಕ್ಕೆ ಏಳು ರೂಮೂ ಫುಲ್, ಹೋಗಿ ನೋಡಿದ್ರೆ ಲೈಟೂ ಹಾಕಿರಲ್ಲ. ಕಿಟಕಿಯಿಂದ ಟವೆಲ್ ಎಸೆದು ಬಸ್ ಸೀಟ್ ಹಿಡಿದು, ಆ ಬಸ್ಸನ್ನೇ ಹತ್ತದೇ ಇದ್ದಂಗೆ.

ಗೂಗಲ್‌ನಲ್ಲಿ ಒಬ್ಬರನ್ನ ಬಿಟ್ಟು ಮಿಕ್ಕವರೆಲ್ಲ ಡಿಕ್ಲೈನ್ ಮಾಡಿದ್ರೆ ರೂಮನ್ನ ತಾನೇ ಬಿಡೋ ಸೌಲಭ್ಯ ಇದೆ, ಅದು ಆನ್ ಇದೆಯಾ ನೋಡ್ರಿ. ಬಾಗಿಲ ಹೊರಗೆ ಟ್ಯಾಬ್ಲೆಟ್ ಹಾಕಿಸಿದ ಆಫೀಸ್‌ಗಳಲ್ಲಿ ಇಷ್ಟು ನಿಮಿಷದಲ್ಲಿ ಯಾರೂ ಚೆಕ್‌ಇನ್ ಮಾಡದಿದ್ರೆ ರೂಮ್ ಬಿಡು ಅಂತ ಹಾಕಬಹುದು. 10 ನಿಮಿಷ ಸಾಕು, 5 ಇಟ್ರೆ ಲಿಫ್ಟ್‌ಗೆ ಕಾಯ್ತಿದ್ದವರ ರೂಮೂ ಹೋಗ್ತದೆ.

ಕೆಲಸ ಬಿಟ್ಟು ಹೋದವರ ಸರಣಿ ದೆವ್ವದ ತರ ಉಳೀತದೆ. ಆಳು ಬೆಂಗಳೂರಿಗೆ ಹೋಗಿ ಎಂಟು ತಿಂಗಳಾಗಿರ್ತದೆ, ಪ್ರತಿ ಮಂಗಳವಾರ 11ಕ್ಕೆ ಪುರಂದರ ಇನ್ನೂ ಅವನದ್ದೇ. ಎಚ್‌ಆರ್‌ನ ಎಕ್ಸಿಟ್ ಪಟ್ಟಿಯಲ್ಲಿ ಐಡಿ ಕಾರ್ಡ್, ಲ್ಯಾಪ್‌ಟಾಪ್ ಜೊತೆ "ರೂಮ್ ಬುಕಿಂಗ್ ರದ್ದು" ಅಂತ ಒಂದು ಸಾಲು ಸೇರಿಸ್ರಿ. ಅಕೌಂಟ್ ಡಿಲೀಟ್ ಮಾಡೋಕೆ ಮುಂಚೆ ಆಗ್ಬೇಕು ಇದು. ಔಟ್‌ಲುಕ್‌ನಲ್ಲಿ ಅವರು ಕರೆದ ಮೀಟಿಂಗ್‌ಗಳನ್ನೆಲ್ಲ ಒಟ್ಟಿಗೆ ರದ್ದು ಮಾಡೋ ಪವರ್‌ಶೆಲ್ ಕಮಾಂಡ್ ಇದೆ, ಗೂಗಲ್‌ನಲ್ಲಿ ಯೂಸರ್ ಡಿಲೀಟ್ ಮಾಡುವಾಗ ಕ್ಯಾಲೆಂಡರ್ ರಿಸೋರ್ಸ್ ಬಿಡಿಸೋ ಟಿಕ್ ಬರ್ತದೆ.

## ಹಂತ 8: ಸೋಮವಾರದ ಹದಿನೈದು ನಿಮಿಷ

ಬೆಳಗ್ಗೆ ಚಹಾ ಹಿಡ್ಕೊಂಡು ಎಲ್ಲಾ ರೂಮ್‌ಗಳ ವಾರದ ಕ್ಯಾಲೆಂಡರ್ ಒಟ್ಟಿಗೆ ತೆರೀರಿ. ಕಣ್ಣಿಗೆ ಬೀಳಬೇಕಾದ ಲಕ್ಷಣಗಳು:

ಒಂದೇ ಹೊತ್ತಿಗೆ ಎರಡು ಬುಕಿಂಗ್: ಯಾರಿಗೋ ನೇರ ಬರೆಯೋ ಹಕ್ಕು ಇದೆ, ಇಲ್ಲಾ ಕ್ಲಾಶ್ ಆದ್ರೂ ರೂಮ್ ಒಪ್ಕೊಳ್ಳೋ ಸೆಟ್ಟಿಂಗ್ ಆನ್ ಆಗಿದೆ. ಹಂತ 3ಕ್ಕೆ ವಾಪಸ್.

ಎಲ್ಲವೂ ಟೆಂಟೇಟಿವ್: ಅಪ್ರೂವರ್ ಮಲಗಿದ್ದಾರೆ, ಇಲ್ಲಾ ರೂಮ್ ತಾನಾಗೇ ಆಕ್ಸೆಪ್ಟ್ ಮಾಡೋ ಮೋಡ್‌ನಲ್ಲಿ ಇಲ್ಲ. ಹಳೇ ಸಿಸ್ಟಮ್‌ನಿಂದ ತಂದ ಮೇಲ್‌ಬಾಕ್ಸ್‌ಗಳಲ್ಲಿ ಇದು ನೋಡಿದ್ದೀನಿ. ಐಟಿಗೆ "ಆಟೋ ಆಕ್ಸೆಪ್ಟ್ ಮಾಡ್ರಿ" ಅನ್ರಿ.

ಒಂದು ರೂಮ್ ವಾರಪೂರ್ತಿ ಖಾಲಿ: ಖುಷಿ ಪಡಬೇಡ್ರಿ, ಹೋಗಿ ನೋಡ್ರಿ. ಎಸಿ ಕೆಟ್ಟಿರ್ತದೆ, ಇಲ್ಲಾ ಜನ ಬುಕ್ ಮಾಡದೇ ಒಳಗೆ ಕೂತಿರ್ತಾರೆ.

ಒಬ್ಬರದ್ದೇ ಹೆಸರು ನಾಲ್ಕು ರೂಮ್‌ನಲ್ಲಿ, ಅದೇ ಟೈಮ್‌ಗೆ: ಯಾವುದಕ್ಕೂ ಇರಲಿ ಅಂತ ಹಿಡಿದಿಟ್ಟಿದ್ದು. ಮೇಲ್ ಹಾಕೋಕೆ ಮುಂಚೆ ಅವರ ಡೆಸ್ಕ್ ಹತ್ರ ಹೋಗಿ ನಗ್ತಾ ಕೇಳ್ರಿ, ಅಲ್ಲೇ ಬಿಟ್ಟುಕೊಡ್ತಾರೆ.

ಇಷ್ಟೆಲ್ಲಾ ಮಾಡಿದ ಮೇಲೂ ಒಂದಿನ ಎರಡು ಟೀಮ್ ಬಾಗಿಲಲ್ಲಿ ಎದುರುಬದುರು ನಿಲ್ತಾರೆ. ಆಗ ಯಾರು ಸೀನಿಯರ್, ಯಾರ ಕ್ಲೈಂಟ್ ದೊಡ್ಡೋರು ಅಂತ ಕೇಳ್ತಾ ಕೂರಬೇಡ್ರಿ. ಇಬ್ಬರಿಗೂ ಫೋನ್ ತೆಗೆದು ಮೀಟಿಂಗ್ ತೋರಿಸೋಕೆ ಹೇಳ್ರಿ. ರೂಮ್ ಹೆಸರಿನ ಎದುರು ಆಕ್ಸೆಪ್ಟೆಡ್ ಇದ್ದವರು ಒಳಗೆ. ಇಬ್ಬರ ಹತ್ರನೂ ಆಕ್ಸೆಪ್ಟೆಡ್ ಇದ್ರೆ ಇಬ್ಬರ ಸ್ಕ್ರೀನ್‌ಶಾಟೂ ತಗೊಳ್ರಿ, ಮೊದಲು ಬುಕ್ ಮಾಡಿದವರನ್ನ ಕೂರಿಸ್ರಿ, ಇನ್ನೊಬ್ಬರಿಗೆ ನೀವೇ ನಿಂತು ಬೇರೆ ರೂಮ್ ಹುಡುಕಿಕೊಡ್ರಿ, ಆ ಸ್ಕ್ರೀನ್‌ಶಾಟ್ ಹಿಡ್ಕೊಂಡು ಅವತ್ತೇ ಐಟಿಯವರ ಹತ್ರ ಹೋಗ್ರಿ.